ಇಮಾಮರ ಸಂಬಳ ಯಾರ ಕೈಯಿಂದ?

ನಸುಕಿನ ಫಜ್ರ್ ನಮಾಜಿನಿಂದ ರಾತ್ರಿಯ ಇಶಾ ನಮಾಜ್ ಮುಗಿಯುವವರೆಗೆ ಪೇಶ್ ಇಮಾಮರು ಮಸೀದಿ ಬಿಟ್ಟು ದೂರ ಹೋಗುವಂತಿಲ್ಲ. ನಡುವೆ ಮಕ್ಕಳಿಗೆ ಕುರ್‌ಆನ್ ಪಾಠ, ಯಾರದೋ ನಿಕಾಹ್, ಯಾರದೋ ಜನಾಜಾ. ಸಣ್ಣ ಊರುಗಳಲ್ಲಿ ಅವರ ಸಂಬಳ ಎಂದರೆ, ಜುಮ್ಮಾ ದಿನ ಬಾಗಿಲ ಬಳಿ ಬಟ್ಟೆ ಹಾಸಿ ಎತ್ತಿದ ಚಂದಾದಲ್ಲಿ ಕರೆಂಟ್ ಬಿಲ್ಲು ಕಳೆದು ಉಳಿದದ್ದು. ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ ಜೈನ ಅರ್ಚಕರು, ಸಿಖ್ ಮುಖ್ಯ ಗ್ರಂಥಿಗಳ ಜೊತೆ ಪೇಶ್ ಇಮಾಮರ ಗೌರವಧನವನ್ನೂ ತಿಂಗಳಿಗೆ 6,000 ರೂಪಾಯಿಗೆ ಏರಿಸುವುದಾಗಿ ಹೇಳಿತು. ಅದರ ಮೇಲೆ ಎದ್ದ ಗದ್ದಲದಲ್ಲಿ ಈ ಮನುಷ್ಯನ ಬದುಕಿನ ವಿಚಾರ ಬರಲೇ ಇಲ್ಲ.

ಸರ್ಕಾರವೇ ಸಂಬಳ ಕೊಡಲಿ, ಅವರು ರಾಜಕೀಯದಿಂದ ದೂರವಿರಲಿ ಎಂದು ಒಳ್ಳೆಯ ಮನಸ್ಸಿನವರೇ ಹೇಳುತ್ತಾರೆ. ಕೇಳಲು ನ್ಯಾಯವೆನಿಸುತ್ತದೆ. ಆದರೆ ಇದನ್ನೇ ನೂರು ವರ್ಷ ಮಾಡಿ ನೋಡಿದ ದೇಶವಿದೆ. ಟರ್ಕಿಯಲ್ಲಿ 1924ರ ಮಾರ್ಚ್ 3ರಂದು, ಖಿಲಾಫತ್ ರದ್ದಾದ ದಿನವೇ, ದಿಯಾನೆತ್ ಎಂಬ ಧಾರ್ಮಿಕ ವ್ಯವಹಾರಗಳ ಇಲಾಖೆ ಹುಟ್ಟಿತು. ಅಲ್ಲಿ ಇಮಾಮರು ಸರ್ಕಾರಿ ನೌಕರರು. ಇಲಾಖೆ ಎಲ್ಲ ರಾಜಕೀಯ ನಿಲುವುಗಳಿಂದ ಹೊರಗಿರಬೇಕೆಂದು ಸಂವಿಧಾನದ 136ನೇ ವಿಧಿಯೇ ವಿಧಿಸುತ್ತದೆ. ಆದರೂ 2016ರ ಜುಲೈ 15ರ ರಾತ್ರಿ ಸೇನೆಯ ಒಂದು ಗುಂಪು ದಂಗೆ ಎದ್ದಾಗ ಮಿನಾರುಗಳಿಂದ ಜನರನ್ನು ಬೀದಿಗೆ ಕರೆದವರು ಇದೇ ನೌಕರರು. ದಂಗೆಯನ್ನು ತಡೆದದ್ದು ಸರಿ ಎನ್ನೋಣ. 2018ರಲ್ಲಿ ಸೇನೆ ಸಿರಿಯಾದ ಆಫ್ರೀನ್‌ಗೆ ನುಗ್ಗಿದಾಗಲೂ ಮಸೀದಿಗಳಲ್ಲೆಲ್ಲ ವಿಜಯದ ಸೂರಾ ಓದಲು ಇಲಾಖೆ ಕರೆ ಕೊಟ್ಟಿತು. ಸರ್ಕಾರದ ಸಂಬಳ ಮಸೀದಿಯಿಂದ ರಾಜಕೀಯವನ್ನು ಹೊರಗಿಡಲಿಲ್ಲ. ಆಳುವವರದ್ದನ್ನು ಬಿಟ್ಟು ಬೇರೆಲ್ಲವನ್ನೂ ಹೊರಗಿಟ್ಟಿತು.

ಹಾಗೆಂದು ಇಮಾಮರ ಎಲ್ಲ ರಾಜಕೀಯವೂ ಸರಿಯೆಂದಲ್ಲ. ನಮ್ಮಲ್ಲೇ ನೋಡಿ. 1976ರಲ್ಲಿ ದೆಹಲಿಯ ತುರ್ಕಮಾನ್ ಗೇಟ್‌ನ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ತುರ್ತುಪರಿಸ್ಥಿತಿಯ ಆ ದೌರ್ಜನ್ಯಕ್ಕೆ ಎದುರಾಗಿ, ಮರುವರ್ಷದ ಚುನಾವಣೆಯಲ್ಲಿ ಜಾಮಾ ಮಸೀದಿಯ ಇಮಾಮ್ ಅಬ್ದುಲ್ಲಾ ಬುಖಾರಿ ಜನತಾ ಪಕ್ಷದ ಪರ ನಿಂತರು. 1980ರಲ್ಲಿ ಅವರೇ ಕಾಂಗ್ರೆಸ್ ಕಡೆ ಹೊರಳಿದರು. ಮನೆ ಕಳೆದುಕೊಂಡವರ ಪರ ಮಾತಾಡುವುದು ಇಮಾಮರ ಹಕ್ಕು, ಕರ್ತವ್ಯ ಕೂಡ. ಇಡೀ ಸಮುದಾಯದ ಮತವನ್ನು ಇವತ್ತು ಇವರಿಗೆ, ನಾಳೆ ಅವರಿಗೆ ಎಂದು ಒಪ್ಪಿಸುವುದು ಬೇರೆಯೇ ಮಾತು. ಮಸೀದಿಯ ಪ್ರವಚನ ಪೀಠವಾದ ಮಿಂಬರಿನ ಮೇಲೆ ನಿಂತು ಅದನ್ನು ಮಾಡಬಾರದು. ಧರ್ಮದ ಹೆಸರಲ್ಲಿ ಮತ ಕೇಳುವುದಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ ತಡೆ ಆಗಲೇ ಇದೆ. ಅದು ಎಲ್ಲ ಧರ್ಮದವರಿಗೂ ಸಮಾನವಾಗಿ ಅನ್ವಯಿಸಲಿ. ಅದಕ್ಕೆ ಸಂಬಳದ ಆಮಿಷ ಬೇಕಿಲ್ಲ.

ಹಾಗಾದರೆ ಇಮಾಮರ ಹೊಟ್ಟೆಪಾಡು? ಇಮಾಮತ್ ಎನ್ನುವುದು ಪುಣ್ಯದ ಕೆಲಸ, ಅದಕ್ಕೆಂಥ ಸಂಬಳ ಎಂದು ವಕ್ಫ್ ಮಂಡಳಿಗಳು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ದವು. 1993ರ ಮೇ 13ರ ತೀರ್ಪು ಆ ವಾದವನ್ನು ತಳ್ಳಿಹಾಕಿ, ಸಂಬಳದ ಯೋಜನೆ ರೂಪಿಸಲು ಹೇಳಿತು. ನನಗೆ ಆ ತೀರ್ಪಿನ ಅಂತಃಕರಣ ಹಿಡಿಸುತ್ತದೆ. ಹಣದ ಮೂಲದ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಪಶ್ಚಿಮ ಬಂಗಾಳ 2012ರಲ್ಲಿ ಖಜಾನೆಯಿಂದಲೇ ಇಮಾಮರಿಗೆ ತಿಂಗಳಿಗೆ 2,500 ರೂಪಾಯಿ ಘೋಷಿಸಿತು. ಮರುವರ್ಷ ಕಲ್ಕತ್ತಾ ಹೈಕೋರ್ಟ್ ಅದನ್ನು ರದ್ದು ಮಾಡಿತು. ಬಜೆಟ್‌ನಿಂದ ಬಂದದ್ದು ಮುಂದಿನ ಬಜೆಟ್‌ನಲ್ಲಿ ಹೋಗಬಹುದು; ಅಲ್ಲಿಯತನಕ ಆ ಇಮಾಮರು ಯಾರ ಎದುರೂ ಗಟ್ಟಿಯಾಗಿ ಮಾತಾಡಲಾರರು.

ದಾನಿಗಳು ವಕ್ಫ್ ಬಿಟ್ಟುಹೋದದ್ದೇ ಇಂಥ ಖರ್ಚಿಗೆ. ರಾಜ್ಯದ ವಕ್ಫ್ ಜಮೀನಿನಲ್ಲಿ ಸುಮಾರು 27,000 ಎಕರೆ ದುರ್ಬಳಕೆಯಾಗಿದೆ ಎಂದು ಅಲ್ಪಸಂಖ್ಯಾತರ ಆಯೋಗದ ಅಂದಿನ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿ 2012ರಲ್ಲೇ ವರದಿ ಕೊಟ್ಟಿದ್ದರು. ಅದರ ಮೇಲೆ ಎಲ್ಲ ಪಕ್ಷದವರೂ ಭಾಷಣ ಮಾಡಿದ್ದಾರೆ. ವಕ್ಫ್ ಕಾಯ್ದೆಯ 2025ರ ತಿದ್ದುಪಡಿಯಲ್ಲಿ ಮಂಡಳಿಗೆ ಕಟ್ಟಬೇಕಾದ ವಂತಿಗೆ ಶೇ 7ರಿಂದ ಶೇ 5ಕ್ಕೆ ಇಳಿದಿದೆ. ಮಸೀದಿಯಲ್ಲೇ ಉಳಿಯುವ ಆ ಶೇ 2ನ್ನು ಇಮಾಮರ ಸಂಬಳಕ್ಕೆಂದೇ ಎತ್ತಿಡಲಿ. ಆಸ್ತಿಯಿಲ್ಲದ ಮಸೀದಿಗಳಿಗೆ ಮಂಡಳಿ ತನ್ನ ಪಾಲಿನಿಂದ ಕೊಡಲಿ. ಪೇಟೆಯ ನಡುವೆ ಅಂಗಡಿ ಸಾಲಿಟ್ಟುಕೊಂಡೂ ಹಳೇ ಕಾಲದ ಬಾಡಿಗೆ ಪಡೆಯುತ್ತಿರುವ ಮಸೀದಿಗಳ ಆಡಳಿತ ನೋಡುವ ಮುತವಲ್ಲಿಗಳು, ಯಾವ ಮಳಿಗೆ ಯಾರ ಹೆಸರಲ್ಲಿದೆ, ಬಾಡಿಗೆ ಎಷ್ಟು, ಬಾಕಿ ಎಷ್ಟು ಎಂಬ ಪಟ್ಟಿಯನ್ನು ಮುಂದಿನ ಜುಮ್ಮಾದೊಳಗೆ ನೋಟಿಸ್ ಬೋರ್ಡಿಗೆ ಹಾಕಲಿ.