ಪರಸ್ಥಳದ ಸಂಕೋಚ

ಉದ್ಯೋಗನಿಮಿತ್ತವಾಗಿ ಊರು ಬಿಟ್ಟು ಹೋದವನಿಗೆ ಕಾರ್ಯಸ್ಥಾನದಲ್ಲಿ ಪರಕೀಯಭಾವನೆ ಅಷ್ಟಾಗಿ ಬಾಧಿಸುವುದಿಲ್ಲ. ಅಲ್ಲಿ ಅವನಿಗೊಂದು ಪೀಠವುಂಟು, ಒಂದು ಅಧಿಕಾರವುಂಟು, ಅವನ ಬರವನ್ನು ಮೊದಲೇ ತಿಳಿಸಿದ ಕಾಗದವುಂಟು. ಸಾಯಂಕಾಲ ಕೆಲಸ ಮುಗಿಸಿ, ಕೈಚೀಲ ಹಿಡಿದು, ನಾಲ್ಕು ಬಾಳೆಹಣ್ಣನ್ನೋ ಒಂದು ಸಾಬೂನನ್ನೋ ಕೊಳ್ಳಲು ಪೇಟೆಗೆ ಹೊರಟಾಗಲೇ ಅವನು ನಿಜವಾಗಿ ಪರಸ್ಥಳದವನಾಗುತ್ತಾನೆ. ದೊಡ್ಡ ಕಾರ್ಯದಲ್ಲಿ ಕುಂದದ ಧೈರ್ಯವು ಇಷ್ಟು ಅಲ್ಪಕಾರ್ಯದಲ್ಲಿ ಕುಂದುವುದೇಕೆಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಮೈಸೂರಿನ ಲೆಕ್ಕಪರಿಶೋಧಕನೊಬ್ಬನು ಒಂದು ತಿಂಗಳ ಮಟ್ಟಿಗೆ ಕಲಬುರಗಿಗೆ ಹೋದನೆಂದು ಭಾವಿಸಬಹುದು. ಅವನೂ ಕನ್ನಡಿಗನೇ, ಅಂಗಡಿಯವನೂ ಕನ್ನಡಿಗನೇ. ಆದರೆ ಇವನು ಈರುಳ್ಳಿ ಕೇಳಿದರೆ ಅವನು “ಉಳ್ಳಾಗಡ್ಡಿ ಏನ್ರೀ?” ಎನ್ನುತ್ತಾನೆ, ಇವನ ಕಡಲೆಕಾಯಿ ಅಲ್ಲಿ ಶೇಂಗಾ ಆಗಿದೆ. ನಾಲ್ಕು ಮಾತಾಡುವಷ್ಟರಲ್ಲಿ “ಯಾವೂರ್ರೀ ನಿಮ್ದು?” ಎಂಬ ಪ್ರಶ್ನೆ ಬರುತ್ತದೆ. ಕೇಳಿದವನಲ್ಲಿ ಕುಚೋದ್ಯವಿಲ್ಲ, ವಿಶ್ವಾಸವೇ ಇದೆ. ಆದರೂ ಕೇಳಿಸಿಕೊಂಡವನ ಮುಖ ಸಣ್ಣದಾಗುತ್ತದೆ. ಅನ್ಯಭಾಷೆಯ ನಾಡಿನಲ್ಲಿ ತೊಡಕಿದವನಿಗೆ ಭಾಷೆ ಬಾರದೆಂಬ ಸಮಾಧಾನವಾದರೂ ಉಂಟು. ಸ್ವಭಾಷೆಯಲ್ಲಿಯೇ ಪರಕೀಯನಾದವನಿಗೆ ಅದೂ ಇಲ್ಲ.

ಹಿಂದೆ ಇಂತಹ ತೊಡಕಿಗೆ ಬಾಹ್ಯಕಾರಣಗಳಿದ್ದುವು. ಕಲಬುರಗಿಯು ಆಗ ಹೈದರಾಬಾದಿಗೆ ಸೇರಿತ್ತು. ನಿಜಾಮರ ಆಳಿಕೆಯಲ್ಲಿ ಹಾಲಿ ಸಿಕ್ಕಾ ಎಂಬ ಬೇರೆ ನಾಣ್ಯವೇ ಅಲ್ಲಿ ನಡೆಯುತ್ತಿತ್ತು. ಸೇರಿನ ಅಳತೆಯೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. ೧೯೫೬ನೆಯ ನವೆಂಬರ್ ೧ರಂದು ಕನ್ನಡ ಸೀಮೆಗಳು ಒಂದು ರಾಜ್ಯವಾದುವು. ೧೯೫೭ನೆಯ ಏಪ್ರಿಲ್ ೧ರಿಂದ ಹದಿನಾರಾಣೆಯ ರೂಪಾಯಿಯು ನೂರು ಪೈಸೆಯ ರೂಪಾಯಿಯಾಯಿತು. ಬಳಿಕ ಸೇರು ಹೋಗಿ ಕಿಲೋಗ್ರಾಮು ಬಂದಿತು. ಈಗಂತೂ ಹಣವನ್ನು ಕೈಯಾರೆ ಎಣಿಸಿ ಕೊಡುವ ಅವಶ್ಯಕತೆಯೂ ಅನೇಕ ಕಡೆ ಉಳಿದಿಲ್ಲ. ನಾಣ್ಯವೊಂದಾಯಿತು, ತೂಕವೊಂದಾಯಿತು, ಸಂಕೋಚ ಮಾತ್ರ ಉಳಿಯಿತು. ಆದುದರಿಂದ ಅದರ ಮೂಲವನ್ನು ತಕ್ಕಡಿಯಲ್ಲಿ ಹುಡುಕಿ ಫಲವಿಲ್ಲ.

ಸ್ವಂತ ಊರಿನಲ್ಲಿ ಅಂಗಡಿಯವನು ಬರಿಯ ಸಾಮಾನನ್ನು ಕೊಡುವುದಿಲ್ಲ. “ಹುಡುಗನ ಜ್ವರ ಬಿಟ್ಟಿತೇ?” ಎಂದು ವಿಚಾರಿಸುತ್ತಾನೆ, ಹಣ ಮರೆತು ಬಂದರೆ “ನಾಳೆ ಕೊಡಿ ಸ್ವಾಮಿ” ಎನ್ನುತ್ತಾನೆ. ಈ ನಂಬಿಕೆಯನ್ನು ಮನುಷ್ಯನು ತನ್ನ ಯೋಗ್ಯತೆಯೆಂದೇ ಎಣಿಸಿರುತ್ತಾನೆ. ಅದರಲ್ಲಿ ಬಹುಭಾಗವು ಊರು ತನಗೆ ಕೊಟ್ಟ ಕಡವೆಂಬುದು ಪರಸ್ಥಳದಲ್ಲಿ ತಿಳಿಯುತ್ತದೆ. ಆ ಅರಿವಿನ ಮೊದಲ ನೋವೇ ಸಂಕೋಚ.

ಇದು ಬರಿಯ ಮಮಕಾರ. ಸಂನ್ಯಾಸಿಯು ಚಾತುರ್ಮಾಸ್ಯವನ್ನುಳಿದು ಒಂದೆಡೆ ನಿಲ್ಲದೆ ಸಂಚರಿಸುವಂತೆ ಗೃಹಸ್ಥನೂ ಊರಿನ ಅಭಿಮಾನವನ್ನು ಬಿಡಲೆಂದು ವೇದಾಂತಿಯು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವೇನೆಂದರೆ, ಸಂನ್ಯಾಸಿಗೆ ಕಾಷಾಯವೇ ಪರಿಚಯಪತ್ರವಾಗಿದೆ. ಒಂದು ಊರಿಲ್ಲದಿದ್ದರೂ ಎಲ್ಲ ಊರುಗಳಲ್ಲಿಯೂ ಅವನಿಗೆ ಸ್ಥಾನವುಂಟು. ಕೈಚೀಲ ಹಿಡಿದ ಗೃಹಸ್ಥನಿಗೆ ಅದಿಲ್ಲ. ಮೇಲಾಗಿ ಊರಿನ ಹಂಬಲವೇ ದೋಷವಾಗಿದ್ದರೆ, ಅರಿಕೇಸರಿಯಿಂದ ಮಾನಿತನಾದ ಪಂಪನು ತನ್ನ ಕಾವ್ಯದಲ್ಲಿ ಬನವಾಸಿಯನ್ನು ನೆನೆಯುತ್ತಿರಲಿಲ್ಲ.

ಹಾಗಾದರೆ ದೋಷವಿರುವುದೆಲ್ಲಿ? ಸಂಕೋಚವನ್ನು ಮುಚ್ಚುವ ಉಪಾಯಗಳಲ್ಲಿ. ಒಬ್ಬನು ತನ್ನ ನುಡಿಯೇ ಶುದ್ಧವೆಂದು ಬೀಗುತ್ತಾನೆ. ಮತ್ತೊಬ್ಬನು ಅಂಗಡಿಯ ಮುಂದೆಯೂ ತನ್ನ ಹುದ್ದೆಯನ್ನು ಸಾರುತ್ತಾನೆ. “ಮೈಸೂರು ಕಡೆಯವನು, ನಿಮ್ಮ ಉಳ್ಳಾಗಡ್ಡಿಯೇ ನಮ್ಮ ಈರುಳ್ಳಿ” ಎಂದು ನಕ್ಕು ಹೇಳಿದವನಿಗೆ ಎರಡು ತೂಗು ಹೆಚ್ಚೇ ಬಿದ್ದರೂ ಆಶ್ಚರ್ಯವಿಲ್ಲ.

ನಿಜವಾದ ಪರೀಕ್ಷೆಯಾದರೋ ಹಿಂದಿರುಗಿದ ಮೇಲೆ ಬರುತ್ತದೆ. ಕಟ್ಟಡದ ಕೂಲಿಗಾಗಿ ಕಲಬುರಗಿಯ ಕಡೆಯಿಂದ ಬಂದವನೊಬ್ಬನು ಮೈಸೂರಿನ ಅಂಗಡಿಯಲ್ಲಿ ನಿಂತು ಉಳ್ಳಾಗಡ್ಡಿ ಕೇಳುತ್ತಾನೆ, ಸುತ್ತಲಿನವರು ನಗುತ್ತಾರೆ. “ಯಾವೂರಯ್ಯಾ ನಿಂದು?” ಎಂದು ಏಕವಚನದಲ್ಲಿ ಕೇಳಲು ಲೆಕ್ಕಪರಿಶೋಧಕನ ನಾಲಗೆಯೂ ಅಭ್ಯಾಸಬಲದಿಂದ ಏಳುತ್ತದೆ. ಕಲಬುರಗಿಯ ಅಂಗಡಿಯವನು ಇದೇ ಪ್ರಶ್ನೆಯನ್ನು ಕೇಳಿದಾಗ ‘ರೀ’ ಎಂಬ ಅಕ್ಷರವೊಂದನ್ನು ಸೇರಿಸಿದ್ದನು. ಗುರುತಿಲ್ಲದವನಿಗೆ ಬೆಲೆಯಿಲ್ಲದೆ ಸಂದ ಆ ಒಂದಕ್ಷರವನ್ನು ಮರಳಿ ಸಲ್ಲಿಸಿದರೆ ಮಾತ್ರವೇ ಅವನ ಪ್ರಯಾಣದ ಲೆಕ್ಕ ಚುಕ್ತಾ ಆದಂತೆ.