ಅಪ್ಪಯ್ಯನ ‘ಆತು’

ಅಪ್ಪಯ್ಯನ ಹೆಬ್ಬೆಟ್ಟನ್ನು ಮೊದಲ ಸಲ ಶಾಯಿಗೆ ಒತ್ತಿದವನು ನಾನು. 2015ರ ನವೆಂಬರ್ ತಿಂಗಳು. ಪಿಂಚಣಿದಾರರು ತಾವು ಇನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ರುಜುವಾತು ಕೊಡಬೇಕಾದ ಕಾಲ. ಬ್ಯಾಂಕಿನವರೊಬ್ಬರು ದೊಡ್ಡ ಮನಸ್ಸು ಮಾಡಿ ನಮ್ಮ ಮನೆಗೇ ಬಂದು ಮಂಚದ ಪಕ್ಕ ಕುಳಿತಿದ್ದರು. ಅಪ್ಪಯ್ಯನ ಬಲಗೈ ಸ್ವಾಧೀನ ತಪ್ಪಿತ್ತು. ಎಡಗೈ ಎತ್ತಿಕೊಂಡರೆ ಮುಷ್ಟಿ ಬಿಗಿಯಾಗಿತ್ತು. ಒಂದೊಂದೇ ಬೆರಳನ್ನು ಬಿಡಿಸಿ, ಹೆಬ್ಬೆಟ್ಟನ್ನು ನೀಲಿ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಊರಿದೆ. “ಸಾಕು ಬಿಡಿ, ಚೆನ್ನಾಗಿ ಬಿದ್ದಿದೆ” ಎಂದರು ಬಂದವರು. “ಆತು” ಎಂದರು ಅಪ್ಪಯ್ಯ.

ಅವರು ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ರಾತ್ರಿ ಲಾಟೀನು ಹಿಡಿದು ಕೇರಿಯಿಂದ ಕೇರಿಗೆ ತಿರುಗಿ, ಹೆಬ್ಬೆಟ್ಟಿನವರಿಗೆ ರುಜು ಹಾಕುವುದನ್ನು ಕಲಿಸಿದ್ದರು. “ಹೆಬ್ಬೆಟ್ಟು ಒತ್ತಿಸಿಕೊಳ್ಳೋರು ಕೈ ಹಿಡಿದು ಒತ್ತಿಸಿಕೊಳ್ತಾರೆ. ರುಜು ಹಾಕೋನು ಒಂದು ಗಳಿಗೆಯಾದರೂ ತಡೆದು ನೋಡ್ತಾನೆ” ಎಂಬುದು ಅವರ ವಾದ. ಆ ಮಾತು ನನಗೆ ಆವತ್ತು ರಾತ್ರಿ ನೆನಪಾಯಿತು, ಬೆರಳಿಗಂಟಿದ ಶಾಯಿ ತೊಳೆಯುವಾಗ.

ಆ ವರ್ಷದ ಮಳೆಗಾಲದಲ್ಲಿ ಅವರಿಗೆ ಲಕ್ವ ಹೊಡೆದಿತ್ತು. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಬಲಗೈ, ಬಲಗಾಲಿನ ಜೊತೆಗೆ ಮಾತೂ ಹೋಯಿತು. ಉಳಿದದ್ದು ಒಂದೇ ಪದ, ‘ಆತು’. ಇಂಥವರಲ್ಲಿ ಹೀಗೆ ಒಂದು ಪದ ಉಳಿದುಬಿಡುವುದುಂಟೆಂದೂ, ಅದಕ್ಕೆ ಅರ್ಥವಿರಲೇಬೇಕೆಂದಿಲ್ಲವೆಂದೂ ವೈದ್ಯರು ಹೇಳಿದರು. ಗಂಜಿ ಬೇಕೇ ಎಂದರೆ ಆತು. ಬೇಡವೇ ಎಂದರೂ ಆತು. ನಮ್ಮ ಕಡೆ ‘ಆತು’ ಎಂದರೆ ಒಪ್ಪಿಗೆ. ಎಲ್ಲದಕ್ಕೂ ಒಪ್ಪುವ ಅಪ್ಪಯ್ಯನನ್ನು ನಾವು ಕಂಡದ್ದು ಅದೇ ಮೊದಲು.

ಮನುಷ್ಯ ಮಲಗಿದರೂ ಅವನ ಲೆಕ್ಕ ಮಲಗುವುದಿಲ್ಲ. ಸೊಸೈಟಿಯ ಬೆಳೆಸಾಲದ ಕಂತು, ಕರೆಂಟು ಬಿಲ್ಲು, ತೋಟದ ಆಳುಗಳ ಬಟವಾಡೆ, ಔಷಧಿ, ಎಲ್ಲಕ್ಕೂ ದುಡ್ಡು ಬೇಕಿತ್ತು. ದುಡ್ಡಿತ್ತು, ಆದರೆ ಅದು ಅಪ್ಪಯ್ಯನ ಖಾತೆಯಲ್ಲಿತ್ತು. ನಾನು ವಕೀಲರ ಹತ್ತಿರ ಹೋಗಿ ಪವರ್ ಆಫ್ ಅಟಾರ್ನಿ ಬರೆಸಿಕೊಳ್ಳಬಹುದೇ ಎಂದು ಕೇಳಿದೆ. ಅವರು ನಕ್ಕರು. ಬುದ್ಧಿ ಸ್ಥಿಮಿತದಲ್ಲಿ ಇರುವವನು ಮಾತ್ರ ಅದನ್ನು ಕೊಡಬಹುದು. ಮೊದಲೇ ಕೊಟ್ಟಿದ್ದರೂ ಕೊಟ್ಟವನ ಬುದ್ಧಿ ಹೋದ ದಿನ ಅದೂ ಹೋಗುತ್ತದೆ. 1872ರ ಕರಾರು ಕಾಯಿದೆ ಹೇಳುವುದು ಹಾಗೆ. “ನೋಡಿ, ಕೊಡೋ ಶಕ್ತಿ ಇದ್ದಾಗ ಅವರಿಗೆ ನಿಮ್ಮ ಅಗತ್ಯ ಇರಲಿಲ್ಲ. ಈಗ ಅಗತ್ಯ ಇದೆ, ಕೊಡೋ ಶಕ್ತಿ ಇಲ್ಲ” ಎಂದರು.

ಮತ್ತೇನು ದಾರಿ? ಅಪ್ರಾಪ್ತ ಮಗುವಿಗೆ ಪೋಷಕರನ್ನು ನೇಮಿಸಲು 1890ರ ಕಾಯಿದೆಯಿದೆ. ಮಾನಸಿಕ ಅಸ್ವಸ್ಥರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ಒಬ್ಬರನ್ನು ನೇಮಿಸುವ ಅವಕಾಶ 1987ರ ಕಾಯಿದೆಯಲ್ಲಿತ್ತು. 2017ರ ಹೊಸ ಮಾನಸಿಕ ಆರೋಗ್ಯ ಕಾಯಿದೆ ಅದನ್ನೂ ಕೈಬಿಟ್ಟಿತು. ನಮ್ಮ ಅಪ್ಪಯ್ಯ ಮಗುವೂ ಅಲ್ಲ, ಮಾನಸಿಕ ರೋಗಿಯೂ ಅಲ್ಲ. ಪ್ರಜ್ಞೆಯಿಲ್ಲದೆ ಮಲಗಿದವರಿಗೆ ಪೋಷಕರನ್ನು ನೇಮಿಸುವುದು ಹೇಗೆಂದು ಕೇರಳದ ಹೈಕೋರ್ಟು ಮಾರ್ಗಸೂಚಿ ಹಾಕಿದ್ದು 2019ರಲ್ಲಿ. ಆ ಹೊತ್ತಿಗೆ ಅಪ್ಪಯ್ಯ ಇರಲಿಲ್ಲ.

ಕಾಯಿದೆ ಬಾಗಿಲು ಮುಚ್ಚಿದಾಗ ಮನೆಮಂದಿಯೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಅವರ ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ನನಗೆ ಗೊತ್ತಿತ್ತು. ನಾನು ಶಾಲೆಗೆ ಸೇರಿದ ಇಸವಿ ಅದು. ತಿಂಗಳಿಗೊಮ್ಮೆ ಪೇಟೆಗೆ ಹೋಗಿ, ಅಪ್ಪಯ್ಯನಾಗಿ ನಿಂತು, ದುಡ್ಡು ತೆಗೆದೆ. ಹೆಚ್ಚು ಮೊತ್ತ ಬೇಕಾದಾಗ ಹೆಬ್ಬೆಟ್ಟು. ಇಬ್ಬರು ಸಾಕ್ಷಿಗಳು ಇದ್ದರೆ, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿದ್ದರೆ, ಕಾಯಿಲೆಯವರ ಹೆಬ್ಬೆಟ್ಟು ನಡೆಯುತ್ತದೆ. ಕೈಬೆರಳಾಗದಿದ್ದರೆ ಕಾಲಿನ ಹೆಬ್ಬೆರಳೂ ನಡೆಯುತ್ತದೆ. ಬೆರಳು ಅವರದೇ ಎಂಬುದಕ್ಕೆ ಸಾಕ್ಷಿ ಹೇಳಲು ಎಲ್ಲರೂ ಇದ್ದರು. ಅದರ ಹಿಂದಿನ ಮನಸ್ಸು ಅವರದೇ ಎಂಬುದಕ್ಕೆ ಯಾರೂ ಇರಲಿಲ್ಲ.

ಇದು ಸುಳ್ಳಲ್ಲವೇ? ಸುಳ್ಳೇ. ಆದರೆ ಆಡದೆ ವಿಧಿಯಿಲ್ಲದ ಸುಳ್ಳು. ನನ್ನ ಸಮಾಧಾನಕ್ಕೆ ಒಂದು ನೂರು ಪುಟದ ನೋಟ್‌ಬುಕ್ ತಂದು ತೆಗೆದ ದುಡ್ಡು, ಕೊಟ್ಟ ದುಡ್ಡು, ಒತ್ತಿಸಿದ ಹೆಬ್ಬೆಟ್ಟು ಎಲ್ಲವನ್ನೂ ತಾರೀಖಿನ ಸಮೇತ ಬರೆಯತೊಡಗಿದೆ. ನಾಳೆ ಅವರು ಎದ್ದು ಕುಳಿತು “ಎಲ್ಲಿ, ತಾ ನೋಡಣ” ಎಂದರೆ ತೋರಿಸಲು ಬರಬೇಕು. ಲೆಕ್ಕ ಒಪ್ಪಿಸಲು ಬರುವ ಸುಳ್ಳು, ಒಪ್ಪಿಸಲು ಬಾರದ ಸುಳ್ಳು ಎಂದು ಎರಡು ಬಗೆ ಇವೆ ಎಂದುಕೊಂಡೆ. ಮೊದಲನೆಯದರ ಆಚೆ ಹೋಗಬಾರದು, ಅಷ್ಟೆ.

ಮರು ಬೇಸಿಗೆಯಲ್ಲಿ ಕೆಳಗಿನ ಕೇರಿಯ ಅಜ್ಜಿ ಬಂದಳು. ನಮ್ಮ ತೋಟದಲ್ಲಿ ಬಹಳ ವರ್ಷ ದುಡಿದವಳು. ಕುಡುಕ ಮಗನ ಕೈಗೆ ಸಿಗದಿರಲೆಂದು ಕೂಲಿಯಲ್ಲಿ ಉಳಿದದ್ದನ್ನು ಅಪ್ಪಯ್ಯನ ಹತ್ತಿರ ಇಟ್ಟಿದ್ದಳಂತೆ. “ಮೂವತ್ತು ಸಾವಿರ ಆಗಿತ್ತು ಅಯ್ಯಾ” ಎಂದಳು. ಕಾಗದವಿಲ್ಲ, ಸಾಕ್ಷಿಯಿಲ್ಲ. ಅಪ್ಪಯ್ಯನ ಡೈರಿ ಹುಡುಕಿದೆ. ಕೊನೆಯ ಪುಟದಲ್ಲಿ ಅವರ ಮುತ್ತಿನಂಥ ಅಕ್ಷರದಲ್ಲಿತ್ತು: ‘ಕೆ. ಕೇರಿ ಅಜ್ಜಿ, 22’. ಅವಳನ್ನು ಮಂಚದ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆ. ಇಪ್ಪತ್ತೆರಡೇ ಅಪ್ಪಯ್ಯ? ಆತು. ಮೂವತ್ತೇ? ಆತು. ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅವಳು ಅತ್ತದ್ದು ದುಡ್ಡಿಗಲ್ಲ ಎಂಬುದು ಸ್ಪಷ್ಟವಾಗಿತ್ತು.

ವಕೀಲರು, “ಅವಳೇನು ಕೋರ್ಟಿಗೆ ಹೋಗೋಲ್ಲ” ಎಂದರು. ಮಾತಿನ ಮೇಲೆ ಇನ್ನೊಂದು ವಿಷಯವನ್ನೂ ತಿಳಿಸಿದರು. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಒಂದೇ ಕಾರಣಕ್ಕೆ ಹಿಂದೆ ಮಗನ ಮೇಲೆ ದಾವೆ ಹೂಡಬಹುದಾಗಿತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆ ಬಂದ ಮೇಲೆ ಮಾಡಿದ ಸಾಲಗಳಿಗೆ ಆ ಆಧಾರ ಸಲ್ಲುವುದಿಲ್ಲ. ಕಾಯಿದೆ ಮಾಡಿದ್ದು ನ್ಯಾಯವೇ. ಅಪ್ಪ ಜೂಜಾಡಿದ್ದಕ್ಕೆ ಮಗನ ಬೆನ್ನು ಯಾಕೆ ಬಾಗಬೇಕು? ಆದರೆ ಕನ್ನಡದಲ್ಲಿ ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಕಾಗದ ಬೇಕು, ಅವಧಿಯುಂಟು. ಋಣಕ್ಕೆ ಇವೆರಡೂ ಇಲ್ಲ.

ಹಾಗೆಂದು ಅಪ್ಪಯ್ಯನ ಖಾತೆಯಿಂದ ಮೂವತ್ತು ಸಾವಿರ ತೆಗೆದು ಕೊಟ್ಟುಬಿಡಲೇ? ಎರಡು ದಿನ ಯೋಚಿಸಿದೆ. ಇನ್ನೊಬ್ಬರ ಚೀಲ ಹಿಡಿದವನಿಗೆ ಜಿಪುಣನಾಗುವ ಹಕ್ಕಿಲ್ಲ, ಅದು ಎಲ್ಲರಿಗೂ ಗೊತ್ತು. ಉದಾರಿಯಾಗುವ ಹಕ್ಕೂ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಕೊನೆಗೆ ಅಪ್ಪಯ್ಯನ ಖಾತೆಯಿಂದ 22,000, ನನ್ನ ಸಂಬಳದಿಂದ 8,000 ಕೊಟ್ಟೆ. ಅವರು ಬರೆದದ್ದು ಅವರ ಲೆಕ್ಕಕ್ಕೆ. ನನ್ನ ಅನುಮಾನ ನನ್ನ ಲೆಕ್ಕಕ್ಕೆ.

ಇಷ್ಟರ ಮಟ್ಟಿಗೆ ನಾನು ಸರಿ ಎನ್ನಿಸಿತ್ತು. ಆದರೆ ಇದಕ್ಕೂ ಮೊದಲು, ಕಾಯಿಲೆ ಬಿದ್ದ ಮೂರನೆಯ ತಿಂಗಳಲ್ಲೇ ನಡೆದ ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಿದರೆ ಈ ಬರಹವೂ ಲೆಕ್ಕ ಒಪ್ಪಿಸಲು ಬಾರದ ಸುಳ್ಳಾಗುತ್ತದೆ.

ಅಪ್ಪಯ್ಯ ಸ್ವಂತ ದುಡಿಮೆಯಿಂದ ಕೊಂಡ ತುಂಡು ತೋಟವೊಂದಿತ್ತು. ಪಹಣಿ ಅವರ ಹೆಸರಿನಲ್ಲೇ. ಅದನ್ನು ಮಾರಿ, ಅವರನ್ನು ದೊಡ್ಡ ಊರಿನಲ್ಲಿಟ್ಟು ಮಾತಿನ ಚಿಕಿತ್ಸೆ, ಅಂಗಸಾಧನೆ ಕೊಡಿಸೋಣ ಎಂದ ಅಣ್ಣ. ಮೊದಲ ಕೆಲವು ತಿಂಗಳಲ್ಲೇ ಹೆಚ್ಚು ಸುಧಾರಣೆ ಸಾಧ್ಯ ಎಂದು ವೈದ್ಯರೂ ಹೇಳಿದ್ದರು. ಕಾಯಿಲೆಯವರಿದ್ದರೆ ನೋಂದಣಿ ಅಧಿಕಾರಿ ಮನೆಗೇ ಬರುವ ಅನುಕೂಲ ಕಾಯಿದೆಯಲ್ಲಿದೆ. “ಅವರು ಬಂದು ಕೇಳ್ತಾರೆ, ಅಪ್ಪಯ್ಯ ಆತು ಅಂತಾರೆ. ಮತ್ತೇನು ಬೇಕು ಮಾರಾಯ?” ಎಂದ. ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಕಂಡರೆ ನೋಂದಣಿಯನ್ನು ನಿರಾಕರಿಸಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಆದರೆ ಆ ‘ಆತು’ ಕೇಳಿದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ನಾನು ಒಪ್ಪಲಿಲ್ಲ. ತೆಗೆದ ದುಡ್ಡಿಗೆ ಲೆಕ್ಕ ಬರೆಯಬಹುದು, ಹೋದ ತೋಟವನ್ನು ನೋಟ್‌ಬುಕ್ಕಿನಲ್ಲಿ ಮರಳಿ ತರಲಾಗುವುದಿಲ್ಲ ಎಂದು ವಾದಿಸಿದೆ. ಅಣ್ಣ, “ನಿನಗೆ ಅಪ್ಪಯ್ಯನಿಗಿಂತ ನಿನ್ನ ಪ್ರಾಮಾಣಿಕತೆ ದೊಡ್ಡದು” ಎಂದು ಎದ್ದುಹೋದ. ಕೈಸಾಲ ತಂದು ಊರಲ್ಲೇ ಆದಷ್ಟು ಮಾಡಿದೆವು. ಅಪ್ಪಯ್ಯ ಎರಡೂವರೆ ವರ್ಷ ಹಾಗೆಯೇ ಮಲಗಿದ್ದು 2018ರ ಜನವರಿಯಲ್ಲಿ ತೀರಿಕೊಂಡರು. ತೋಟ ಇವತ್ತಿಗೂ ಇದೆ. ಅಣ್ಣ, ನಾನು, ತಂಗಿ ಮೂವರ ಹೆಸರೂ ಪಹಣಿಗೆ ಬಂದಿದೆ.

ತೋಟಕ್ಕೆ ಹೋದಾಗಲೆಲ್ಲ ಅಣ್ಣನ ಮಾತು ಕೇಳಿಸುತ್ತದೆ. ನನ್ನ ಕೈ ಚೊಕ್ಕಟವಾಗಿರಲಿ ಎಂಬ ಆಸೆಗೆ ಅಪ್ಪಯ್ಯ ಬೆಲೆ ತೆತ್ತರೇ? ಮಾರಿದ್ದರೆ ಅವರಿಗೆ ಇನ್ನೊಂದು ಪದವಾದರೂ, ‘ಬ್ಯಾಡ’ ಎಂಬುದಾದರೂ, ಮರಳಿ ಬರುತ್ತಿತ್ತೇ? ಹೆಬ್ಬೆಟ್ಟು ಒತ್ತಿಸಿದವನ ತಪ್ಪು ಕಾಗದದ ಮೇಲೆ ಉಳಿಯುತ್ತದೆ. ಒತ್ತಿಸದವನ ತಪ್ಪಿಗೆ ಗುರುತೇ ಇರುವುದಿಲ್ಲ. ಅವರಾಗಿದ್ದರೆ ಏನು ಮಾಡುತ್ತಿದ್ದರು ಎಂದು ಕೇಳಿಕೊಳ್ಳುವುದೇ ಇಂಥ ಹೊತ್ತಿನಲ್ಲಿ ಇರುವ ಒಂದೇ ದಾರಿ. ಆದರೆ ಅದಕ್ಕೆ ಉತ್ತರ ಸಿಗಬೇಕಾದರೆ ಅವರು ಮಾತಾಡುತ್ತಿದ್ದ ಕಾಲದಲ್ಲಿ ನಾವು ಕೇಳಿಸಿಕೊಂಡಿರಬೇಕು.

ಲಕ್ವ ಹೊಡೆಯುವುದಕ್ಕೆ ಒಂದು ವರ್ಷ ಮೊದಲು, ಒಂದು ಸಂಜೆ, ಅಪ್ಪಯ್ಯ ಆ ಡೈರಿ ಹಿಡಿದುಕೊಂಡು ಜಗಲಿಗೆ ಬಂದಿದ್ದರು. “ಇದೊಂದಿಷ್ಟು ಕೊಡೋದು, ಬರೋದು ಇದೆ. ತೋಟದ ವಿಷಯಾನೂ ಹೇಳೋದಿತ್ತು. ಕೂತ್ಕೋ” ಎಂದಿದ್ದರು. ನಾನು ಪತ್ರಿಕೆಯಿಂದ ತಲೆ ಎತ್ತದೆ, “ಈಗೇನು ಅವಸರ ಅಪ್ಪಯ್ಯಾ, ಆಮೇಲೆ ನೋಡಿದರಾಯ್ತು” ಎಂದಿದ್ದೆ.

ಅವರು ಸ್ವಲ್ಪ ಹೊತ್ತು ನಿಂತಿದ್ದು, ಡೈರಿ ಮುಚ್ಚಿ, “ಆತು” ಎಂದು ಒಳಗೆ ಹೋಗಿದ್ದರು.