ಹಿಂದಿನ ಸೀಟು ಯಾರದು?

ಜಾಗ ಎಂಬುದು ವಿಚಿತ್ರವಾದ ಪದಾರ್ಥ. ಹಣವನ್ನು ಸಂಪಾದಿಸಬಹುದು, ವಿದ್ಯೆಯನ್ನು ಹೆಚ್ಚಿಸಿಕೊಳ್ಳಬಹುದು, ಪಥ್ಯ ಮಾಡಿ ಆರೋಗ್ಯವನ್ನೂ ಒಂದಿಷ್ಟು ಸುಧಾರಿಸಿಕೊಳ್ಳಬಹುದು. ಆದರೆ ನಾಲ್ಕು ಚಕ್ರಗಳ ಮೇಲೆ ನಿಂತ ತಗಡಿನ ಪೆಟ್ಟಿಗೆಯೊಳಗಿನ ಜಾಗವನ್ನು ಒಂದಂಗುಲ ಹೆಚ್ಚಿಸುವುದು ಯಾರಿಂದಲೂ ಆಗದು. ಅಲ್ಲಿ ಒಬ್ಬರಿಗೆ ಹೆಚ್ಚಾಯಿತೆಂದರೆ ಇನ್ನೊಬ್ಬರಿಗೆ ಕಡಿಮೆಯಾಯಿತೆಂದೇ ಅರ್ಥ. ಇದು ಗಣಿತದ ಮಾತು. ಆದರೆ ಇದರ ಬೆನ್ನಿಗೇ ಧರ್ಮದ ಮಾತೊಂದು ಬಂದು ನಿಲ್ಲುತ್ತದೆ: ಕಡಿಮೆಯಾದದ್ದು ಯಾರಿಗೆ? ಅವರನ್ನು ಕೇಳಿದವರುಂಟೆ?

ನಾನು ಈ ಯೋಚನೆಗೆ ಬೀಳಲು ಕಾರಣ ಒಂದು ಹಳೆಯ ವ್ಯಾನು. ಮಂಡ್ಯದ ಗುತ್ತಲಿನಲ್ಲಿ ನಮ್ಮ ಬೀದಿಯಲ್ಲಿಯೇ ಇರುವ ನಿವೃತ್ತ ಮೇಷ್ಟ್ರೊಬ್ಬರ ಬಳಿ ಮಾರುತಿ ಓಮ್ನಿ ಇದೆ. 1984ರಲ್ಲಿ ಮಾರುಕಟ್ಟೆಗೆ ಬಂದು 2019ರಲ್ಲಿ ತಯಾರಿಕೆ ನಿಂತುಹೋದ ಈ ಗಾಡಿ ನಮ್ಮ ಕಡೆ ಹೊರದ ವಸ್ತುವಿಲ್ಲ. ಶಾಲೆಯ ಮಕ್ಕಳು, ತರಕಾರಿ ಮೂಟೆ, ಮದುವೆಯ ಪಾತ್ರೆ, ಬಾಣಂತಿ, ರೋಗಿ, ಎಲ್ಲವೂ ಅದರಲ್ಲಿ ಸವಾರಿ ಮಾಡಿವೆ. ಈಗ ಮೇಷ್ಟ್ರಿಗೆ ಒಂದು ಆಸೆ ಹುಟ್ಟಿದೆ. ಹಿಂದಿನ ಸೀಟನ್ನು ಬಿಚ್ಚಿಸಿ ಅಲ್ಲೊಂದು ಹಲಗೆಯ ಮಂಚ ಕೂರಿಸಬೇಕು. ಅದರಡಿಯಲ್ಲಿ ಒಲೆ, ಪಾತ್ರೆ, ನೀರಿನ ಕ್ಯಾನು. ಗಂಡಹೆಂಡತಿ ಇಬ್ಬರೂ ತಲಕಾವೇರಿಯಿಂದ ಕಾರವಾರದವರೆಗೆ ಮನಬಂದಲ್ಲಿ ಮಲಗಿ, ಮನಬಂದಾಗ ಎದ್ದು ಸುತ್ತಿಬರಬೇಕು. ಸಂಸಾರದ ನೊಗಕ್ಕೆ ಇಷ್ಟು ವರ್ಷ ಹೆಗಲು ಕೊಟ್ಟವರ ಇಂಥ ಆಸೆಯಲ್ಲಿ ತಪ್ಪು ಹುಡುಕುವವನು ನಾನಲ್ಲ.

ಆದರೆ ಆ ಸೀಟು ಬರಿಯ ರೆಕ್ಸಿನ್ನು ಕಬ್ಬಿಣವಲ್ಲ. ಮೇಷ್ಟ್ರ ತಾಯಿ ಎಂಬತ್ತು ದಾಟಿದವರು. ಆಸ್ಪತ್ರೆಗೆ ಹೋಗುವುದೂ ಅದರಲ್ಲೇ, ವೈರಮುಡಿಗೆ ಮೇಲುಕೋಟೆಗೆ ಹೋಗುವುದೂ ಅದರಲ್ಲೇ. ಸೀಟು ತೆಗೆಸುವ ಮಾತು ಬಂದಾಗ ಆಕೆ, “ತಗ್ಸಪ್ಪ, ನಾನೇನು ದಿನಾ ತಿರುಗಾಡ್ತೀನಾ?” ಎಂದರಂತೆ. “ಅಮ್ಮನೂ ಒಪ್ಪಿದರು” ಎಂದು ಮೇಷ್ಟ್ರು ನನಗೆ ಹೇಳಿದರು. ಈ “ಒಪ್ಪಿದರು” ಎಂಬ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಇದಕ್ಕೆ ಸುಲಭವಾದ ಎರಡು ಉತ್ತರಗಳಿವೆ. ಮೊದಲನೆಯದು ಕಾನೂನಿನದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ್ದಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕನು ಗಾಡಿಯನ್ನು ಬದಲಾಯಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಎಷ್ಟು ಜನ ಕೂರಬಹುದೆಂಬುದೂ ಆ ಪತ್ರದಲ್ಲಿ ಬರೆದಿರುತ್ತದೆ. ಆದ್ದರಿಂದ ಸೀಟು ಕೀಳುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಲೇಬೇಕು. ಗಾಡಿ ಓಡುವಾಗ ಬೆಲ್ಟಿಲ್ಲದ ಮಂಚದ ಮೇಲೆ ಯಾರನ್ನೂ ಕೂರಿಸಬಾರದು. ಆದರೆ ಕಾನೂನು ಎಣಿಸುವುದು ಸೀಟುಗಳನ್ನು. ಅಲ್ಲಿ ಕೂರುತ್ತಿದ್ದವರು ಯಾರೆಂದು ಅದು ಕೇಳುವುದಿಲ್ಲ.

ಎರಡನೆಯದು ಬಡಗಿಯ ಉತ್ತರ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ 1950ರಲ್ಲಿ ತನ್ನ ವ್ಯಾನನ್ನು ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಇನ್ನೊಂದು ಕಂಪೆನಿ ಆ ವ್ಯಾನಿನಲ್ಲಿ ಹಗಲು ಕೂರುವುದಕ್ಕೂ ರಾತ್ರಿ ಮಲಗುವುದಕ್ಕೂ ಒದಗುವ ಏರ್ಪಾಟನ್ನು ಮಾರತೊಡಗಿತು. ಮಡಿಸಿದರೆ ಸೀಟು, ಬಿಡಿಸಿದರೆ ಹಾಸಿಗೆ. ಇದನ್ನು ನಾನು ಹೇಳಿದಾಗ ಮೇಷ್ಟ್ರು, “ಅದಕ್ಕೆ ಖರ್ಚು ಜಾಸ್ತಿ, ಸಾಮಾನಿಗೆ ಜಾಗವೂ ಕಡಿಮೆ” ಎಂದರು. ನಿಜ. ಬಡಗಿಯೂ ಜಾಗವನ್ನು ಸೃಷ್ಟಿಸಲಾರ. ಅವನು ಮಾಡಬಲ್ಲದ್ದು ಇಷ್ಟೆ: ಸುಖ ಬಯಸಿದವನೇ ಅದರ ಇಕ್ಕಟ್ಟನ್ನೂ ಹೊರುವಂತೆ ಮಾಡುವುದು.

ನಮ್ಮ ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲವೆಂದು ಕೆಲವರು ಹೇಳಬಹುದು. ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಸೀಟೆಂಬುದೇ ಇರಲಿಲ್ಲ. ಹುಲ್ಲು ಹರವಿ, ಮೇಲೆ ಜಮಖಾನ ಹಾಸಿ, ಬುತ್ತಿ ಪಾತ್ರೆಗಳೊಂದಿಗೆ ಮನೆಮಂದಿಯೆಲ್ಲ ಜಾತ್ರೆಗೆ ಹೊರಡುತ್ತಿದ್ದರು. ದಾರಿಯಲ್ಲಿ ಇನ್ನೊಬ್ಬರು ಹತ್ತಿದರೆ ಎಲ್ಲರೂ ಮಂಡಿ ಮಡಿಸಿಕೊಂಡರಾಯಿತು. ಚಿತ್ರವೇನೋ ಸೊಗಸಾಗಿದೆ. ಆದರೆ ಆ ಗಾಡಿಯ ಹಿಂದೆ ಧೂಳಿನಲ್ಲಿ ನಡೆದು ಬರುತ್ತಿದ್ದವರೂ ಇದ್ದರು. ಜೀತದಾಳಿಗೆ ಮಂಡಿ ಮಡಿಸಿ ಜಾಗ ಕೊಟ್ಟವರು ಎಷ್ಟು ಮಂದಿ? ಅವನು “ನಾನು ನಡೀತೀನಿ ಬುದ್ಧೀ” ಎನ್ನುತ್ತಿದ್ದ. ಅದನ್ನೂ ಒಪ್ಪಿಗೆಯೆಂದೇ ತಿಳಿಯಲಾಗುತ್ತಿತ್ತು.

ಒಪ್ಪಿಗೆಯ ಈ ತೊಡಕು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಮಾಂಟ್‌ಗೊಮರಿ ಪಟ್ಟಣದ ಬಸ್ಸುಗಳಲ್ಲಿ ಬಿಳಿಯರಿಗೆ ಮುಂದಿನ ಸೀಟುಗಳು, ಕಪ್ಪು ಜನರಿಗೆ ಹಿಂದಿನವು. 1955ರ ಡಿಸೆಂಬರ್ 1ರಂದು ಮುಂದಿನ ಸೀಟುಗಳು ತುಂಬಿದವು. ಬಿಳಿಯನೊಬ್ಬನಿಗೆ ಜಾಗ ಮಾಡಿಕೊಡಲು ಚಾಲಕನು ಒಂದು ಸಾಲಿನ ನಾಲ್ವರು ಕಪ್ಪು ಪ್ರಯಾಣಿಕರನ್ನು ಏಳಹೇಳಿದ. ಮೂವರು ಎದ್ದರು; ರೋಸಾ ಪಾರ್ಕ್ಸ್ ಏಳಲಿಲ್ಲ. ಆಕೆಯನ್ನು ಬಂಧಿಸಿದರು. ಅನಂತರ 381 ದಿನ ಊರಿನ ಕಪ್ಪು ಜನ ಬಸ್ಸು ಹತ್ತದೆ ನಡೆದರು. ನಾವೆಲ್ಲ ಏಳದೆ ಕುಳಿತ ಆಕೆಯನ್ನು ನೆನೆಯುತ್ತೇವೆ, ನೆನೆಯತಕ್ಕದ್ದೇ. ಆದರೆ ನನ್ನನ್ನು ಕಾಡುವವರು ಎದ್ದುನಿಂತ ಆ ಮೂವರು. ಅವರು ಒಪ್ಪಿ ಎದ್ದರೆ? “ಇಲ್ಲ” ಎಂದವರ ಗತಿ ಏನಾಗುತ್ತದೆಂದು ತಿಳಿದಿದ್ದರಿಂದ ಎದ್ದರು. ಇಲ್ಲ ಎನ್ನಲಾಗದವರ ಬಾಯಿಂದ ಬಂದ “ಹೂಂ” ಎಂಬುದಕ್ಕೆ ಒಪ್ಪಿಗೆಯ ಬೆಲೆಯಿಲ್ಲ.

ಮಗನ ಪ್ರೀತಿಯ ಮನೆಯನ್ನು ಆ ಬಸ್ಸಿಗೆ ಹೋಲಿಸುವುದು ಅನ್ಯಾಯವಾದೀತು. ಅಲ್ಲಿ ದ್ವೇಷದ ಕಟ್ಟಳೆ, ಇಲ್ಲಿ ಅಂತಃಕರಣ. ಆದರೂ ಒಂದು ಎಳೆ ಎರಡರಲ್ಲೂ ಇದೆ. ವಯಸ್ಸಾದವರು ಮನೆಯಲ್ಲಿ ತಾವು ಹೊರೆಯಾದೇವೆಂಬ ಅಂಜಿಕೆಯಿಂದಲೇ ಅರ್ಧ ಮಾತಾಡುತ್ತಾರೆ. “ನನಗೇನೂ ಬೇಡಪ್ಪ” ಎಂಬುದು ಅವರ ನಿತ್ಯದ ಮಂತ್ರ. ಪ್ರೀತಿ ಇದ್ದಲ್ಲಿಯೇ ಇಲ್ಲ ಎನ್ನುವುದು ಹೆಚ್ಚು ಕಷ್ಟ. ಈ ಮಾತನ್ನು ನಾನು ಮೇಷ್ಟ್ರಿಗೆ ಹೇಳಿದೆ. ಅವರು ಬೇಸರಿಸಲಿಲ್ಲ. ಎರಡು ದಿನ ಬಿಟ್ಟು ತಾಯಿಯನ್ನು ಬೇರೆ ಬಗೆಯಲ್ಲಿ ಕೇಳಿದರಂತೆ. ಸೀಟು ತೆಗೆಸಲೇ ಎಂದಲ್ಲ. ಈ ಸಲ ಮೇಲುಕೋಟೆಗೆ ಹೋಗುವಾಗ ಎಲ್ಲಿ ಕೂರುತ್ತೀಯವ್ವ ಎಂದು. “ಕಿಟಕಿ ಪಕ್ಕ” ಎಂದು ಉತ್ತರ ತಟ್ಟನೆ ಬಂತಂತೆ. ಮೇಷ್ಟ್ರು ಈಗ ಮಡಿಸುವ ಸೀಟಿನ ಲೆಕ್ಕ ಹಾಕುತ್ತಿದ್ದಾರೆ.

ದೊಡ್ಡ ವಿಷಯಗಳಲ್ಲಿಯೂ ಲೆಕ್ಕ ಇದೇ. ನಮ್ಮ ಜಿಲ್ಲೆಯನ್ನು ಹಾದುಹೋಗುವ ಬೆಂಗಳೂರು ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿಗಳು ಬರದಂತೆ ನಿಷೇಧವಾಯಿತು. ವೇಗದ ಗಾಡಿಗಳ ನಡುವೆ ನಿಧಾನದವು ಸಿಕ್ಕಿ ಪ್ರಾಣ ಹೋಗಬಾರದೆಂಬುದು ಕಾರಣ, ಕಾರಣ ಸರಿಯಾದದ್ದೇ. ಆದರೆ ಕಾರಿನವನು ಪಡೆದ ವಿಶಾಲವಾದ ರಸ್ತೆ ಕಬ್ಬಿನ ಗಾಡಿಯವನು ಬಿಟ್ಟುಕೊಟ್ಟ ರಸ್ತೆಯೂ ಹೌದು. ಅವನ ಪಾಲಿಗೆ ಬಂದ ಸರ್ವಿಸ್ ರಸ್ತೆ ಚೆನ್ನಾಗಿದೆಯೇ ಎಂದು ಕೇಳುವ ಹೊಣೆ ಗೆದ್ದವರ ಮೇಲಿದೆ.

ಜಾಗ ಬೇಕೆನ್ನುವುದು ಪಾಪವಲ್ಲ. ಕಾಲು ಚಾಚಿ ಮಲಗುವ ಹಕ್ಕು ದುಡಿದ ಎಲ್ಲರಿಗೂ ಉಂಟು. ಆದರೆ ಚಾಚುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲಿ ಕುಳಿತಿದ್ದವರು ಯಾರು? ಅವರು “ಇಲ್ಲ” ಎಂದಿದ್ದರೆ ನಾನು ಕೇಳುತ್ತಿದ್ದೆನೆ? ಎರಡನೆಯದಕ್ಕೆ ಪ್ರಾಮಾಣಿಕವಾಗಿ “ಹೌದು” ಎನ್ನಬಲ್ಲವನು ಧೈರ್ಯವಾಗಿ ಸೀಟು ಬಿಚ್ಚಬಹುದು.

ಕನ್ನಡದಲ್ಲಿ ಜಾಗಕ್ಕೆ “ಎಡೆ” ಎಂಬ ಹಳೆಯ ಮಾತಿದೆ. ಹಿರಿಯರ ಮುಂದೆ ಎಲೆ ಹಾಕಿ ಬಡಿಸಿಡುವುದೂ ಎಡೆಯೇ. ಒಬ್ಬರಿಗೆ ಅನ್ನ ಬಡಿಸುವುದೂ ಜಾಗ ಕೊಡುವುದೂ ಒಂದೇ ಎಂದು ಭಾಷೆ ತಿಳಿದಂತಿದೆ. ಪಿತೃಪಕ್ಷದಲ್ಲಿ ಇಲ್ಲದವರಿಗೆ ತಪ್ಪದೆ ಎಡೆಯಿಡುವ ನಾವು, ಇರುವವರ ಎಡೆಯನ್ನು ಅವರ ಮೌನ ನೋಡಿ ತೆಗೆದುಬಿಡಬಾರದು.